ಸೊನ್ನೆ ಬಿಲ್, ಹಳೆಯ ಫ್ರಿಜ್

ಮುಳಗುಂದ
ಸೆಪ್ಟೆಂಬರ್ 22, 2025, ಸೋಮವಾರ

ಘಟಸ್ಥಾಪನೆ. ಪೇಪರಿನಲ್ಲಿ ಸುದ್ದಿಗಿಂತ ಜಾಹೀರಾತೇ ಹೆಚ್ಚು. ಇಂದಿನಿಂದ ಜಿಎಸ್‌ಟಿ ಇಳಿಕೆ. ಟಿವಿ, ಎಸಿ, ಫ್ರಿಜ್, ವಾಷಿಂಗ್ ಮಷಿನ್ ಎಲ್ಲ ಒಂದೇ ಚಿತ್ರದಲ್ಲಿ ಸಾಲಾಗಿ ನಿಂತಿವೆ.

ಒಂಬತ್ತಕ್ಕೆ ಹುಬ್ಬಳ್ಳಿಯಿಂದ ಮಗನ ಫೋನ್. "ಅವ್ವಾ, ದೀಪಾವಳಿಯೊಳಗ ಫ್ರಿಜ್ ಬದಲಿ ಮಾಡೂಣು. ಫ್ಯಾನು, ಮಿಕ್ಸರೂ ನೋಡೂಣು. ಕಂತಿಗೆ ಬಡ್ಡಿ ಇಲ್ಲಂತ."

"ಎಲ್ಲಾ ನಡದಾವಲ್ಲಪಾ."

"ನಡದಾವು, ಖರೆ. ಎಲ್ಲೀತನಕಾ?"

ಉತ್ತರ ಹೊಳೆಯಲಿಲ್ಲ. ಫ್ರಿಜ್ 2004ರದು. ನಮ್ಮ ಯಜಮಾನರು ಶಿಕ್ಷಕರ ಸೊಸೈಟಿಯಲ್ಲಿ ಸಾಲ ತೆಗೆದು ತಂದದ್ದು. 165 ಲೀಟರ್, ಒಂದೇ ಬಾಗಿಲು. ಮಿಕ್ಸರ್ ಅದಕ್ಕಿಂತ ಹಳೆಯದು, ಕಾರ್ಬನ್ ಬದಲಿಸಿದರೆ ಮತ್ತೆ ತಿರುಗುತ್ತದೆ. ಫ್ಯಾನುಗಳಿಗೂ ಕಂಡೆನ್ಸರ್ ಬಿಟ್ಟು ಬೇರೆ ಖರ್ಚಿಲ್ಲ. ಕೆಟ್ಟದ್ದಾದರೆ ತೀರ್ಮಾನ ಸಲೀಸು. ಕೆಡದೆ ನಿಂತದ್ದನ್ನು ಏನೆಂದು ಹೊರಗೆ ಹಾಕುವುದು?

ಸೆ. 24, ಬುಧವಾರ, ರಾತ್ರಿ

ಅತ್ತೆಗೆ ಹೇಳಿದೆ. ಬೇಡ ಅಂದಾರು ಅಂದುಕೊಂಡಿದ್ದೆ.

"ತರಸವಾ. ಬೀಸೂಕಲ್ಲು ಹಿತ್ತಲಕ್ಕ ಹೋದ ದಿನಾ ನಾ ಏನ್ ಅತ್ತಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಹೊಸಾದು ಯಾವ ಬಣ್ಣದ್ದು?"

ಎಂಬತ್ನಾಲ್ಕು ವರ್ಷ. ನಸುಕಿನಲ್ಲೆದ್ದು ಜೋಳ ಬೀಸಿ, ನೀರು ಸೇದಿ ತೋಳು ಸವೆಸಿದವರು. ಹಳೆಯದರ ಮೇಲಿನ ಈ ಹಿಡಿತ ಗಿರಣಿ ಬಂದ ಮೇಲೆ ಹುಟ್ಟಿದ ನನ್ನಂಥವರದೇ ಇರಬೇಕು. ಫ್ರಿಜ್ ಯಜಮಾನರು ತಂದದ್ದು ಅನ್ನುವುದೂ ಒಂದು ಕಾರಣವೇ? ಅಲ್ಲ ಅನಿಸುತ್ತದೆ. ಇದ್ದರೂ ಇರಬಹುದು.

ಸೆ. 26, ಶುಕ್ರವಾರ

ಹೆಸ್ಕಾಂ ಬಿಲ್ ತೆಗೆದು ಕೂತೆ. ಕಟ್ಟಬೇಕಾದದ್ದು ಸೊನ್ನೆ. 2023ರ ಆಗಸ್ಟ್‌ನಿಂದ ಹೀಗೇ. ಸರಕಾರದ ಪುಕ್ಕಟೆ ವಿದ್ಯುತ್ ಯೋಜನೆ ಗೃಹಜ್ಯೋತಿಯ ಲೆಕ್ಕ ಎಲ್ಲರಿಗೂ ಇನ್ನೂರು ಯೂನಿಟ್ ಅಂತಲ್ಲ. 2022-23ರಲ್ಲಿ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅಷ್ಟು, ಅದರ ಮೇಲೆ ಶೇಕಡಾ ಹತ್ತು. ನಮ್ಮದು 96 ಇತ್ತು, ಹಾಗಾಗಿ 105ರ ತನಕ ಪುಕ್ಕಟೆ.

ಆ 96ರೊಳಗೆ ಈ ಫ್ರಿಜ್ಜೂ ಇದೆ. ಅದು ಎಷ್ಟು ಹೆಚ್ಚು ಕುಡಿಯಿತೋ ನಮ್ಮ ಪಾಲು ಅಷ್ಟು ದೊಡ್ಡದಾಯಿತು. ಪಕ್ಕದ ಮನೆಯಾಕೆಯ ಬಿಲ್ ಓದಿ ಹೇಳುವವಳೂ ನಾನೇ. ಅವರ ಸರಾಸರಿ 31. 48ಕ್ಕಿಂತ ಕಡಿಮೆ ಇದ್ದವರಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ ಅಂತ 2024ರಲ್ಲಿ ಬದಲಾಯಿತು. ಅವರಿಗೆ 41. ಎರಡು ಬಲ್ಬು, ಒಂದು ಫ್ಯಾನು, ಟಿವಿ. ಕಡಿಮೆ ಇದ್ದವರಿಗೆ ಕಡಿಮೆ ಪಾಲು. ಮನಸ್ಸಿಗೆ ಸರಿ ಬರಲಿಲ್ಲ.

ಸೆ. 29, ಸೋಮವಾರ

ನಿನ್ನೆ ರಾತ್ರಿ ಹತ್ತಕ್ಕೆ ಎಲ್ಲ ಸ್ವಿಚ್ ಆರಿಸಿ ಫ್ರಿಜ್ ಒಂದನ್ನೇ ಬಿಟ್ಟೆ. ಮಳೆಯ ಥಂಡಿ, ಫ್ಯಾನು ಬೇಕಾಗಲಿಲ್ಲ. ಬೆಳಿಗ್ಗೆ ಆರಕ್ಕೆ ಮೀಟರ್ 0.4 ಮುಂದೆ ಹೋಗಿತ್ತು. ದಿನಕ್ಕೆ 1.2, ವರ್ಷಕ್ಕೆ 440ರ ಹತ್ತಿರ. ಹಗಲು ಬಾಗಿಲು ತೆಗೆದು ಹಾಕುವುದು ಸೇರಿದರೆ ಇನ್ನೂ ಹೆಚ್ಚು.

ಲೋಟದ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ಒಳಗೂ ನೋಡಿದೆ. ಬಾಗಿಲ ಗೂಡಿನಲ್ಲಿ 11 ಡಿಗ್ರಿ. ಹಿಂದೆ, ಐಸಿನ ಪೆಟ್ಟಿಗೆಯ ಕೆಳಗೆ 1.

ಅತ್ತೆಯ ಇನ್ಸುಲಿನ್ ಬಾಗಿಲ ಗೂಡಿನಲ್ಲೇ ಇರುತ್ತದೆ. ಅದಕ್ಕೆ ಬೇಕಾದದ್ದು 2ರಿಂದ 8. ಹೆಪ್ಪುಗಟ್ಟಿದರೆ ಮತ್ತೆ ಬಳಸುವಂತಿಲ್ಲ, ಹಿಂದೆ ಸರಿಸಿದರೆ ಆ ಭಯ. ಹಾಲು ಒಡೆದಿಲ್ಲ, ಸೊಪ್ಪು ಬಾಡಿಲ್ಲ, ಅದಕ್ಕೇ ಫ್ರಿಜ್ ಚೆನ್ನಾಗಿದೆ ಅನ್ನುತ್ತ ಬಂದೆವು. ಹಾಲಿಗೆ ಚೆನ್ನಾಗಿದೆ. ಔಷಧಕ್ಕೆ?

ಇವತ್ತೇ ಮಗನಿಗೆ ಹೂಂ ಅನ್ನಬೇಕು ಅನಿಸಿತು.

ಅ. 1, ಬುಧವಾರ

ಖಂಡೇಪೂಜೆ. ಕುಡಗೋಲು, ಈಳಿಗೆ, ಹೊಲಿಗೆ ಮಷಿನ್, ಮಿಕ್ಸರ್, ಫ್ರಿಜ್, ಮಗನ ಬೈಕು. ಎಲ್ಲಕ್ಕೂ ವಿಭೂತಿ, ಚೆಂಡುಹೂವು. ಮಗ, ಸೊಸೆ ಬಂದಿದ್ದಾರೆ. ಸೊಸೆ ಫ್ರಿಜ್ಜಿನ ಬಾಗಿಲು ಹಾಕುವಾಗ ಮೊಣಕಾಲಿನಿಂದ ಒತ್ತುತ್ತಾಳೆ. ಕಲಿತುಬಿಟ್ಟಿದ್ದಾಳೆ ಪಾಪ.

ಮೈದುನ ಹೊಲದಿಂದ ನೇರ ಬಂದ. ಹೆಸರು ಆಗಸ್ಟ್ ಮಳೆಗೆ ಗಿಡದಲ್ಲೇ ಮೊಳೆತು ಹೋಗಿತ್ತು. ಉಳ್ಳಾಗಡ್ಡಿಗೆ ಈಗ ದರವಿಲ್ಲ. ಫ್ರಿಜ್ಜಿನ ಮಾತು ಅವನೆದುರು ಎತ್ತಲಿಲ್ಲ.

ಅ. 4, ಶನಿವಾರ

ರಿಪೇರಿಯವ ಬಂದಿದ್ದ. ನನ್ನ ಹತ್ತಿರವೇ ನಾಲ್ಕನೆಯ ಇಯತ್ತೆ ಕಲಿತ ಹುಡುಗ. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಎಳೆದ. ಸರಕ್ಕನೆ ಬಂತು.

"ಅಕ್ಕೋರ, ಕಂಪ್ರೆಸರ್ ಗಟ್ಟಿ ಐತ್ರಿ. ರಬ್ಬರ್ ಹೋಗೇತಿ. ಥಂಡಿ ಹೊರಗ ಹೋಗತೈತಿ, ಮಷಿನ್ ಪುರಸೊತ್ತಿಲ್ಲದ ಓಡತೈತಿ."

ರಬ್ಬರ್ ಬೀಡಿಂಗ್, ಥರ್ಮೋಸ್ಟಾಟ್ ಬದಲಿಸಿ, ಹಿಂದಿನ ಜಾಲರಿಯ ಧೂಳು ಬಳಿದು, ಗೋಡೆಯಿಂದ ಒಂದು ಗೇಣು ಮುಂದೆ ಸರಿಸಿದ. 1,400 ರೂಪಾಯಿ. ಹೊಸದು ತಂದರೆ ಇದನ್ನು ಏನು ಮಾಡುತ್ತಾರೆ ಕೇಳಿದೆ. ಮೋಡಕಾದವರು ಒಯ್ಯುತ್ತಾರಂತೆ. ತಾಮ್ರದ ಕೊಳವೆ ಕತ್ತರಿಸುತ್ತಾರೆ, ಒಳಗಿನ ಗ್ಯಾಸು ಹಾರಿಹೋಗುತ್ತದೆ, ಕಬ್ಬಿಣ ಒಂದು ಕಡೆ, ಥರ್ಮಾಕೋಲಿನಂಥ ಹಳದಿ ಬುರುಗು ಹಳ್ಳದ ದಂಡೆಗೆ. ಕಂಪ್ರೆಸರಿನ ಚೀಟಿಯ ಮೇಲೆ ಆರ್ 134ಎ ಅಂತಿದೆ. ಈ ಅನಿಲ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಹಿಡಿಯುತ್ತದೆ. ಹೊಸವುಗಳಲ್ಲಿ ಐಸೋಬ್ಯುಟೇನ್, ಅದರ ಬಾಧೆ ತೀರ ಕಡಿಮೆ. ಇ-ತ್ಯಾಜ್ಯಕ್ಕೆ ಹೊಸ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ತಯಾರಕರೇ ಮರುಬಳಕೆಯ ಹೊಣೆ ಹೊರಬೇಕು ಅನ್ನುತ್ತದೆ. ನಮ್ಮ ಓಣಿಗೆ ಬರುವುದು ಮಾತ್ರ ಮೋಡಕಾ ಗಾಡಿಯೇ.

ಅ. 6

ಬಾಗಿಲ ಗೂಡು 6 ಡಿಗ್ರಿ. ಹಿಂದೆ 3. ರಾತ್ರಿ ಎಂಟು ತಾಸಿಗೆ 0.3.

ಎಷ್ಟು ಖುಷಿಯಾಯಿತು ಅಂದರೆ ಅತ್ತೆಯನ್ನು ಎಬ್ಬಿಸಿ ಹೇಳಿದೆ. "ಹಂಗಾರ ಹೊಸಾದು ಬರೂದಿಲ್ಲೇನ?" ಅಂದರು.

ಅ. 7, ಮಂಗಳವಾರ

ಶೀಗಿ ಹುಣ್ಣಿಮೆ. ಮೈದುನನ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಎಳ್ಳಹೋಳಿಗೆ, ಕಡುಬು, ಪುಂಡಿಪಲ್ಯ. ಬನ್ನಿಗಿಡದ ಬುಡದಲ್ಲಿ ಕೂತು ನೋಡಿದರೆ ಯಾವ ದಿಕ್ಕಿಗೂ ಗಾಳಿ ಫ್ಯಾನು. ಕಪ್ಪತಗುಡ್ಡದ ಕಡೆಯವು ಅಗಸಿಯಿಂದಲೂ ಕಾಣುತ್ತವೆ. ಮೈದುನನ ನೆರೆಹೊಲದವರು ಒಂದಕ್ಕೆ ಜಾಗ ಕೊಟ್ಟಿದ್ದಾರೆ. ಬಾಡಿಗೆ ಬರುತ್ತದೆ, ಆದರೆ ದಾರಿ ಅಗಲ ಮಾಡುವಾಗ ನೀರು ಹರಿಯುವ ದಿಕ್ಕೇ ತಪ್ಪಿ ಇವನ ಬದು ಕೊಚ್ಚಿತು.

ನನಗೆ ಬಿಲ್ ಸೊನ್ನೆ. ಹೊಸ ಫ್ರಿಜ್ ವರ್ಷಕ್ಕೆ ಇನ್ನೂರು ಯೂನಿಟ್ ಉಳಿಸಿದರೂ ನನ್ನ ಕೈಗೆ ಬರುವುದು ಸೊನ್ನೆಯೇ. ಹಾಗಂತ ಆ ಯೂನಿಟ್ಟು ಪುಕ್ಕಟೆ ಹುಟ್ಟುವುದಿಲ್ಲ. ಈ ಹೊಲಗಳಲ್ಲೇ ಹುಟ್ಟುತ್ತದೆ. ಇದನ್ನು ಯಾರ ಲೆಕ್ಕಕ್ಕೆ ಬರೆಯಲಿ ತಿಳಿಯುತ್ತಿಲ್ಲ.

ಅ. 12, ರವಿವಾರ

ಮಗನ ಜೊತೆ ಗದಗ. ಮುಳಗುಂದ ನಾಕಾದಿಂದ ಒಳಗೆ ಒಂದು ದೊಡ್ಡ ಅಂಗಡಿ. ಮೂರು ಸ್ಟಾರಿನ ಒಂಟಿ ಬಾಗಿಲು 15,500. ಹಳೆಯದಕ್ಕೆ 1,500 ಬಿಡುತ್ತಾರೆ. ಸ್ಟಾರ್ ಚೀಟಿಯ ಮೇಲೆ ವರ್ಷಕ್ಕೆ ನೂರೈವತ್ತರ ಆಸುಪಾಸು ಯೂನಿಟ್. ಜಿಎಸ್‌ಟಿ ಇಳಿದದ್ದು ಎಷ್ಟು ಅಂತ ಕೇಳಿದೆ. ಹುಡುಗ ಪ್ರಾಮಾಣಿಕ. "ಫ್ರಿಜ್ಜಿಗೆ ಏನೂ ಇಳಿದಿಲ್ರಿ ಮೇಡಂ. ಎಸಿ, ದೊಡ್ಡ ಟಿವಿಗೆ ಅಷ್ಟ." ಹೌದು. 28ರಿಂದ 18ಕ್ಕೆ ಬಂದದ್ದು ಎಸಿ, 32 ಇಂಚಿಗಿಂತ ದೊಡ್ಡ ಟಿವಿ, ಪಾತ್ರೆ ತೊಳೆಯುವ ಮಷಿನ್. ಫ್ರಿಜ್, ವಾಷಿಂಗ್ ಮಷಿನ್, ಮಿಕ್ಸರ್ 2018ರ ಜುಲೈಯಿಂದಲೇ 18ರಲ್ಲಿವೆ. ಮಗ ಸುಮ್ಮನಾದ.

ಕಂಪ್ರೆಸರಿಗೆ ಹತ್ತು ವರ್ಷ ವಾರಂಟಿ, ಉಳಿದದ್ದಕ್ಕೆ ಒಂದು ವರ್ಷ. ಕೆಡುವುದು ಉಳಿದದ್ದೇ ಅಲ್ಲವೇ? ನಮ್ಮದರಲ್ಲೂ ಹೋದದ್ದು ರಬ್ಬರು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ರಿಪೇರಿಯಾದ ಮೇಲೆ ನಮ್ಮದು ವರ್ಷಕ್ಕೆ 330. ವ್ಯತ್ಯಾಸ 180. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ 1,080. ಹಳೆಯದಕ್ಕೆ ಬಿಡುವುದನ್ನು ಕಳೆದರೆ ಬಂಡವಾಳ ಮರಳಲು ಹದಿಮೂರು ವರ್ಷ. ರಬ್ಬರ್ ಹಾಕಿಸದೆ ಇದ್ದಿದ್ದರೆ ಎಂಟೇ ವರ್ಷ ಅಂತ ಬರುತ್ತಿತ್ತು. 1,400 ರೂಪಾಯಿಯ ಕೆಲಸ ಇಡೀ ಉತ್ತರವನ್ನೇ ಬದಲಿಸಿತು.

ಅದೇ ಅಂಗಡಿಯಲ್ಲಿ ಬಿಎಲ್‌ಡಿಸಿ ಫ್ಯಾನು ನೋಡಿದೆ. 30 ವ್ಯಾಟ್. ನಮ್ಮವು 75. ಅತ್ತೆಯ ಕೋಣೆಯಲ್ಲಿ ಬೇಸಿಗೆಗೆ ಫ್ಯಾನು ಆರುವುದೇ ಇಲ್ಲ. ಹದಿನೆಂಟು ತಾಸು ಹಿಡಿದರೆ ದಿನಕ್ಕೆ 0.8 ಯೂನಿಟ್ ಉಳಿತಾಯ, ತಿಂಗಳಿಗೆ 24. ಬದಲಿಸಿದ ಫ್ರಿಜ್ ಉಳಿಸುವುದಕ್ಕಿಂತ ಹೆಚ್ಚು, ಬೆಲೆ 2,800. ಎಲ್ಲರ ಕಣ್ಣೂ ಫ್ರಿಜ್ಜಿನ ಮೇಲೆ, ತಲೆಯ ಮೇಲೆ ತಿರುಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅ. 19, ರವಿವಾರ

ನೀರು ತುಂಬುವ ಹಬ್ಬ. ತಾಮ್ರದ ಹಂಡೆ ಹುಣಸೆಹಣ್ಣಿನಿಂದ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಹಿಂಡಲಕಾಯಿ ಬಳ್ಳಿ ಕಟ್ಟಿದೆವು. ಮಗ ಗೀಸರಿನ ಮಾತು ತೆಗೆದ. ಅದಕ್ಕೆ ನಾನು ಒಪ್ಪಿಲ್ಲ. ಬೋರಿನ ನೀರಿಗೆ ಕಾಯಿಲ್ ಮೇಲೆ ಬಿಳಿ ಪೊರೆ ಎಷ್ಟು ಬೇಗ ಕಟ್ಟುತ್ತದೆ ನೋಡಿದ್ದೇನೆ. ಸೊಸೆ ಹೇಳಿದಳು, "ಹೊಗಿ ನೀವು ಕುಡೀತೀರಿ ಅತ್ತಿ, ಕಣ್ಣು ನಿಮ್ಮವು ಉರೀತಾವು." ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಂಡೆ ಇನ್ನೂ ನೂರು ವರ್ಷ ಬಂದೀತು. ನನ್ನ ಕಣ್ಣು ಬಾರದು.

ಅ. 23, ಗುರುವಾರ

ಪಕ್ಕದ ಮನೆಯಾಕೆ ಕೇಳಿಬಿಟ್ಟಳು. "ಅಕ್ಕೋರ, ನೀವು ಹೊಸಾದು ತಂದ್ರ ಹಳೇದು ನನಗ ಕೊಡ್ರಿ. ಅಂಗಡ್ಯಾವ್ರು ಎಷ್ಟ್ ಬಿಡ್ತಾರ ಅಷ್ಟ ರೊಕ್ಕ ನಾ ಕೊಡತೀನಿ." ಬೇಸಿಗೆಗೆ ಮಕ್ಕಳಿಗೆ ಬಣ್ಣದ ಐಸ್ ಮಾಡಿ ಮಾರುತ್ತಾಳಂತೆ, ತಣ್ಣೀರೂ. ಗಂಡ ಗದಗ ಎಪಿಎಂಸಿಯಲ್ಲಿ ಹಮಾಲಿ. ಗೃಹಲಕ್ಷ್ಮಿಯ ಎರಡು ಸಾವಿರ ಬಂದಾಗ ಬಂತು.

ಆಗ ಹೊಳೆಯಿತು. ನಾನು ಬದಲಿಸಿದರೆ ಹಳೆಯದು ನಿಲ್ಲುವುದಿಲ್ಲ, ಗೋಡೆಯಾಚೆ ಓಡುತ್ತದೆ. ನಮ್ಮ ಮನೆಯಲ್ಲಿ ಸರಕಾರ ಕಟ್ಟುತ್ತಿದ್ದ ಯೂನಿಟ್ಟನ್ನು ಅಲ್ಲಿ ಆಕೆ ಕಟ್ಟಬೇಕು. 31ರ ಮೇಲೆ 27 ಸೇರಿದರೆ 58. ಪುಕ್ಕಟೆ 41. ಐಸ್ ಮಾಡತೊಡಗಿದರೆ, ಅದೂ ಏಪ್ರಿಲ್‌ನಲ್ಲಿ, ಎಷ್ಟಾದೀತೋ. ಇದನ್ನೆಲ್ಲ ಬರೆದು ತೋರಿಸಿದೆ. ಆಕೆ ಕಾಗದ ನೋಡಲೇ ಇಲ್ಲ. "ಐಸ್ ಮಾರಿದ್ರ ಬಿಲ್ ಬರೂದಿಲ್ಲೇನ್ರಿ?"

ಬರಬಹುದು. ಗಜೇಂದ್ರಗಡದಲ್ಲಿ ಅತ್ತೆ ಸೊಸೆ ಗೃಹಲಕ್ಷ್ಮಿ ದುಡ್ಡು ಕೂಡಿಸಿ ಬೋರು ಹೊಡೆಸಿದ್ದು ಪೇಪರಿನಲ್ಲೇ ಬಂದಿತ್ತು. ಆಕೆಯ ಲೆಕ್ಕ ನನ್ನದಕ್ಕಿಂತ ದಿಟ್ಟ.

ಅ. 24, ನಸುಕು

ನಿದ್ದೆಯಿಲ್ಲ. ಹೊಸದನ್ನು ಆಕೆಗೇ ಕೊಡಿಸಿ ಹಳೆಯದನ್ನು ನಾವೇ ಇಟ್ಟುಕೊಂಡರೆ? ವಿದ್ಯುತ್ತಿನ ಲೆಕ್ಕಕ್ಕೆ ಅದೇ ಸರಿ. ಮಗ ಒಪ್ಪುವುದಿಲ್ಲ. ಆಕೆಯೂ ಒಪ್ಪಲಾರಳು, ಋಣ ಅನ್ನುತ್ತಾಳೆ.

ನ. 8, ಶನಿವಾರ

ಅತ್ತೆಯ ಕೋಣೆಗೆ ಹೊಸ ಫ್ಯಾನು ಬಂತು. ರಿಮೋಟ್ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಥಂಡಿ ಇದ್ದರೂ ನಾಲ್ಕು ಸಲ ಹಚ್ಚಿ ಆರಿಸಿದರು. ಹಳೆಯ ಫ್ಯಾನು ಅಟ್ಟ ಸೇರಿದೆ. ಕೆಟ್ಟಿಲ್ಲ.

ನ. 20, ಗುರುವಾರ

ಲಕ್ಷ್ಮೇಶ್ವರದಲ್ಲಿ ಗೋವಿನಜೋಳದವರ ಹೋರಾಟ. ಬೆಂಬಲ ಬೆಲೆ 2,400, ಪೇಟೆಯಲ್ಲಿ ಅದರ ಹತ್ತಿರಕ್ಕೂ ಇಲ್ಲ. ಮೈದುನನ ರಾಶಿ ಕಣದಲ್ಲಿ ತಾಡಪತ್ರಿಯ ಕೆಳಗಿದೆ. ಈ ದರಕ್ಕೆ ಮಾರಲಾರ, ಒಕ್ಕುವ ಮಷಿನ್ ಬಾಡಿಗೆ, ಆಳಿನ ಕೂಲಿ ಮಾತ್ರ ನಿಲ್ಲುವುದಿಲ್ಲ. ಸಂಜೆ ಬಂದು ಕೂತ. ಕೇಳಲಿಲ್ಲ. ನಾನೇ ಹತ್ತು ಸಾವಿರ ಕೊಟ್ಟೆ. ಫ್ರಿಜ್ಜಿಗೆಂದು ತೆಗೆದಿಟ್ಟದ್ದರಲ್ಲಿ.

ನ. 23, ರವಿವಾರ

ಮಗನಿಗೆ ಹೇಳಿದೆ. ಚಿಕ್ಕಪ್ಪನಿಗೆ ಕೊಟ್ಟದ್ದು ಸರಿ ಅಂದ. ಆಮೇಲೆ, "ಮತ್ತ ಆಯಿ ಇನ್ಸುಲಿನ್? ಬ್ಯಾಸಗ್ಯಾಗ ಕರೆಂಟ್ ಎತ್ತರತಗ್ಗು ಆದ್ರ ಆ ಕಂಪ್ರೆಸರ್ ತಡೀತೈತೇನ?" ಅವನ ಮಾತು ಸುಳ್ಳಲ್ಲ. ಥರ್ಮಾಮೀಟರ್ ಇವತ್ತು 5 ತೋರಿಸಿದೆ, ಹೊರಗೆ ಥಂಡಿ ಇದೆ. ಏಪ್ರಿಲ್‌ನಲ್ಲಿ ಎಷ್ಟು ತೋರಿಸೀತೋ ಈಗ ಹೇಳಲಾರೆ.

ಪಕ್ಕದ ಮನೆಯಾಕೆಗೆ ಶಿವರಾತ್ರಿಯೊಳಗೆ ಒಂದು ಮಾತು ಹೇಳಬೇಕು. ಐಸಿನ ಚೀಲಕ್ಕೆ ಬಾಯಿ ಕೂಡಿಸುವ ಮಷಿನ್ನಿಗೆ ಈಗಲೇ ದುಡ್ಡು ಕೂಡಿಡುತ್ತಿದ್ದಾಳೆ.