ಮಾಂಡೆಲ್ಲೊದ ಒಂದು ಬೆಳಗು

ಇಟಲಿಯ ಕೋಮೊ ಸರೋವರದ ಪೂರ್ವ ದಡದ ಪುಟ್ಟ ಊರು ಮಾಂಡೆಲ್ಲೊ. 1921ರಿಂದ ಮೋಟೊ ಗುಟ್ಸಿ ಬೈಕುಗಳ ತವರು. ಅಲ್ಲಿಯ ಬೀದಿಯೊಂದರಲ್ಲಿ ವೃದ್ಧರೊಬ್ಬರು ಎಪ್ಪತ್ತರ ದಶಕದ ತಮ್ಮ ಬೈಕಿನ ಮುಂದೆ ಕುಳಿತಿದ್ದರು. ಅದರ ಎರಡು ಸಿಲಿಂಡರುಗಳು ಎತ್ತಿನ ಕೊಂಬುಗಳಂತೆ ಇಕ್ಕೆಲಕ್ಕೆ ಚಾಚಿರುವುದರಿಂದ ವಾಲ್ವುಗಳ ಅಂತರವನ್ನು ಮನೆಯಂಗಳದಲ್ಲೇ ಸರಿಪಡಿಸಬಹುದು. ಹಿಂಚಕ್ರವನ್ನು ಶಾಫ್ಟ್ ತಿರುಗಿಸುವುದರಿಂದ ಚೈನಿನ ಆರೈಕೆಯೂ ಬೇಡ.

ವೃದ್ಧರ ಕೈ ನಡುಗುತ್ತಿತ್ತು. ತೆಳುವಾದ ಅಳತೆಪಟ್ಟಿಯನ್ನು ಮೊಮ್ಮಗಳ ಕೈಗಿತ್ತು, ಅದು ಎಷ್ಟು ಬಿಗಿಯಾಗಿ ಜಾರಬೇಕೆಂದು ಅವಳ ಬೆರಳುಗಳಿಗೇ ಕಲಿಸಿದರು. ಒಡೆತನವನ್ನು ದಸ್ತಾವೇಜುಗಳಲ್ಲಿ ಹುಡುಕುವ ವಕೀಲ ನಾನು; ಉತ್ತರಾಧಿಕಾರ ಹೀಗೂ ಕೈಬದಲಾಗುವುದನ್ನು ಅಂದು ಕಂಡೆ.

ಮುಚ್ಚಳ ಬಿಗಿದು ಗುಂಡಿಯೊತ್ತಿದೊಡನೆ ಬೈಕು ಒಮ್ಮೆ ಪಕ್ಕಕ್ಕೆ ಓಲಾಡಿ ಎಚ್ಚೆತ್ತಿತು. ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಅಜ್ಜ ಸರೋವರದ ತಿರುವಿನಲ್ಲಿ ಮರೆಯಾದರು.