ಇದನ್ನ ಈಗಲೇ ಯಾಕೆ ಹಾಕಬೇಕು?

ಫ್ರೀಲ್ಯಾನ್ಸ್ ಬರಹಗಾರ ಅಂತ ಹೇಳಿಕೊಂಡು ಕತ್ತಲಗೆರೆಯಲ್ಲಿ ಇರೋದು ಸ್ವಲ್ಪ ತಮಾಷೆಯ ವಿಷಯವೇ. ಬೆಂಗಳೂರಿನ ಗೆಳೆಯರು ಕೇಳೋದು ಒಂದೇ: "ಅಲ್ಲಿ ಬರೆಯೋಕೆ ಏನ್ ಸಿಗುತ್ತೋ?" ಬರೆಯೋಕೆ ಬೇಕಾದಷ್ಟಿದೆ ಸ್ವಾಮಿ. ಕಷ್ಟ ಇರೋದು ಸಂಪಾದಕರು ಕೇಳುವ ಪ್ರಶ್ನೆಯಲ್ಲಿ: "ಇದನ್ನ ಈಗಲೇ ಯಾಕೆ ಹಾಕಬೇಕು?"

ಬಹಳ ಜನ ಇದಕ್ಕೆ ಗೋಡೆ ಕ್ಯಾಲೆಂಡರ್ ನೋಡ್ತಾರೆ. ಡಿಸೆಂಬರ್ 5 ವಿಶ್ವ ಮಣ್ಣಿನ ದಿನ, 23 ರೈತರ ದಿನ. ಶಿವಾಜಿ ಜಯಂತಿ ಬಂತೋ, ನಮ್ಮ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿರುವ ಷಹಾಜಿ ಸಮಾಧಿ. ಬೇಡ ಅನ್ನಲ್ಲ. ಆದರೆ ಅಂಥ ಲೇಖನಗಳು ಆ ವಾರ ರಾಶಿ ಬಿದ್ದಿರುತ್ತವೆ.

ನನ್ನ ಕ್ಯಾಲೆಂಡರ್ ಅಂದ್ರೆ ಲಕ್ಕವಳ್ಳಿಯ ಭದ್ರಾ ಡ್ಯಾಮ್. ಪೂರ್ಣ ಮಟ್ಟ 186 ಅಡಿ. ಮಳೆಗಾಲದಲ್ಲಿ ಇವತ್ತೆಷ್ಟು ಅಡಿ ಅನ್ನೋದನ್ನ ನಮ್ಮ ಕಡೆ ಜನ ಪೇಪರಿನಲ್ಲಿ ಮೊದಲು ಹುಡುಕ್ತಾರೆ. ಆಮೇಲೆ ಶಿವಮೊಗ್ಗ ಹತ್ತಿರದ ಮಲವಗೊಪ್ಪದ ಕಾಡಾ ಕಚೇರಿಯಲ್ಲಿ ನೀರಾವರಿ ಸಲಹಾ ಸಮಿತಿ ಸಭೆ. ಸಭೆಯ ಸುದ್ದಿಯನ್ನ ವರದಿಗಾರರು ಅವತ್ತೇ ಕಳಿಸ್ತಾರೆ, ಅವರ ಜೊತೆ ಓಡೋಕಾಗಲ್ಲ. ನಮ್ಮಂಥವರ ಜಾಗ ಸಭೆಗೆ ಮೊದಲಿನ ಮೂರ್ನಾಲ್ಕು ವಾರ. ಚಾನಲ್ಲಿಗೆ ನೀರು ಬರುತ್ತೋ ಇಲ್ವೋ, ಸಸಿಮಡಿ ಹಾಕೋದೋ ಬೇಡ್ವೋ ಅಂತ ಜನ ಕಟ್ಟೆ ಮೇಲೆ ಕೂತು ಲೆಕ್ಕ ಹಾಕ್ತಿರೋ ಹೊತ್ತು. ಅಡಿಕೆಗೂ ಹಾಗೇ: ಕೊಯ್ಲಿನ ಫೋಟೋಗಿಂತ ಅದಕ್ಕೂ ಮೊದಲು ನಡೆಯೋ ಖೇಣಿ ಮಾತುಕತೆಯಲ್ಲಿ ಕಥೆ ಜಾಸ್ತಿ. ಊರಲ್ಲೇ ಕೃಷಿ ಸಂಶೋಧನಾ ಕೇಂದ್ರ ಇದೆಯಲ್ಲ, ಅಲ್ಲಿ ಹೋದರೆ ನಾನು ಹೊಸ ತಳಿ ಯಾವುದು ಅಂತ ಕೇಳಲ್ಲ. "ಈ ತಿಂಗಳು ರೈತರು ಏನ್ ಕೇಳ್ಕೊಂಡು ಬರ್ತಿದ್ದಾರೆ ಸಾರ್?" ಅಂತೀನಿ. ಅರ್ಧ ಪಿಚ್ ಅಲ್ಲೇ ಸಿದ್ಧ!

2023ರ ಮಾತು ಹೇಳಲೇಬೇಕು. ಮಳೆ ಕೈಕೊಟ್ಟಿತ್ತು. ಜುಲೈ ಮೊದಲ ವಾರ ಒಂದು ವಾರಪತ್ರಿಕೆಗೆ ಮೇಲ್ ಹಾಕಿದೆ: ಈ ಸಲ ಭತ್ತದ ಬದಲು ಏನು ಹಾಕಬಹುದು, ಹಾಕಿದರೆ ಮಾರೋದೆಲ್ಲಿ? "ನೀರಿನ ಸಮಸ್ಯೆ ಆಗಲಿ, ಆಗ ನೋಡೋಣ" ಅಂತ ಉತ್ತರ ಬಂತು. ಆಗಸ್ಟಿನಲ್ಲಿ ನೂರು ದಿನ ನೀರು ಅಂತ ಬಿಟ್ಟರು, ನಾಟಿಯೂ ಆಯ್ತು. ಸೆಪ್ಟೆಂಬರಿನಲ್ಲಿ ನೀರು ನಿಲ್ಲಿಸಿ ಬಿಡೋ ಆನ್-ಆಫ್ ಪದ್ಧತಿ ಅಂದರು, ರೈತರು ಬೀದಿಗಿಳಿದರು, ದಾವಣಗೆರೆ ಬಂದ್ ಆಯ್ತು. ಆಗ ಸಂಪಾದಕರ ಫೋನ್: "ಆ ಲೇಖನ ಕೊಡಿ, ಈಗ ಒಳ್ಳೆ ಟೈಮು."

ಯಾರಿಗೆ ಒಳ್ಳೆ ಟೈಮು? ಗದ್ದೆಯಲ್ಲಿ ಭತ್ತ ನಿಂತಿತ್ತು. ಅದನ್ನ ಕೊಡಲಿಲ್ಲ. ಚಾನಲ್ಲಿನ ಕೊನೇ ಭಾಗದ ಗದ್ದೆಗಳ ಬಗ್ಗೆ ಬೇರೆಯೇ ಬರೆದೆ, ಚೆನ್ನಾಗೇ ಹಾಕಿದರು. ಪಕ್ಕದ ಮನೆ ಅಜ್ಜ ಕನ್ನಡಕ ಏರಿಸಿ ಪೂರ್ತಿ ಓದಿದರು. ನಾನು ಆ ಜುಲೈ ಮೇಲಿನ ವಿಷಯವನ್ನೂ ಹೇಳಿದೆ. "ಅದು ಆಷಾಢದಾಗ ಬಂದಿದ್ರೆ ಒಂದೆಕ್ರೆ ಭತ್ತ ಬಿಟ್ಟು ನೋಡ್ತಿದ್ನಪ್ಪಾ" ಅಂದರು.

ಅವತ್ತಿನಿಂದ ನನ್ನ ಪಿಚ್‌ನ ಮೊದಲ ಸಾಲು ತಾರೀಖು. ಇಂಥ ದಿನದೊಳಗೆ ಅಚ್ಚಾದರೆ ಮಾತ್ರ ಕೊಡ್ತೀನಿ ಅಂತ. ಕೆಲವರು ಉತ್ತರವನ್ನೇ ಕೊಡಲ್ಲ. ಸಂಭಾವನೆಯೂ ಅಷ್ಟರಮಟ್ಟಿಗೆ ಕಡಿಮೆ. ಇರಲಿ. ಬೇಸಿಗೆ ಬೆಳೆಯ ನೀರಿನ ಸಭೆ ಹೊಸ ವರ್ಷದ ಆಸುಪಾಸು ನಡೆಯುತ್ತೆ. ನನ್ನ ಮೇಲ್ ನವೆಂಬರಿನಲ್ಲೇ ಹೋಗುತ್ತೆ.