ಅಬ್ಬೆಯಿಂದ ಆದ್ಯಾವರೆಗೆ: ಹೆಣ್ಣುಮಕ್ಕಳ ಹೆಸರುಗಳು

ಕವಿ ರನ್ನನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಅವನು ಹೆಸರಿಟ್ಟನು. ಮೊದಲನೆಯ ಹೆಸರಿನಲ್ಲಿ ಆಶ್ರಯವಿತ್ತ ಚಾವುಂಡರಾಯನ ನೆನಪಿದೆ. ಎರಡನೆಯದರಲ್ಲಿ ‘ಅಜಿತಪುರಾಣ’ವನ್ನು ಬರೆಯಿಸಿದ ದಾನಚಿಂತಾಮಣಿಯ ನೆನಪಿದೆ. ಕ್ರಿ.ಶ. 993ರಲ್ಲಿ ಪೂರ್ಣಗೊಂಡ ಆ ಕಾವ್ಯಕ್ಕೆ ಪೋಷಕಳಾದವಳೇ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದವಳು. ಹೆಸರುವಾಸಿಯಾದವರ ಹೆಸರನ್ನು ಮಗುವಿಗಿಡುವ ರೂಢಿ ಚಲನಚಿತ್ರಗಳ ಕಾಲದಲ್ಲಿ ಹುಟ್ಟಿತೆಂದು ತಿಳಿದವರು ರನ್ನನ ಮನೆಯ ಈ ತೊಟ್ಟಿಲನ್ನು ಒಮ್ಮೆ ನೋಡಬೇಕು. ಅವನಿಗೆ ಆ ಹೆಸರು ತೆರೆಯ ಮೇಲಿನ ತಾರೆಯಿಂದ ದೂರದಿಂದ ಬಂದದ್ದಲ್ಲ. ಉಪಕಾರ ಪಡೆದ ಕವಿಯೊಬ್ಬ ಕಾವ್ಯದಲ್ಲಿ ಹೇಳಿದ್ದು ಸಾಲದೆಂದು ದಿನಕ್ಕೆ ಹತ್ತು ಸಲ ಮನೆಯಲ್ಲಿಯೂ ಕೂಗಿ ಹೇಳಲು ಆರಿಸಿಕೊಂಡದ್ದು.

ಇಂದು ಅದೇ ಅತ್ತಿಮಬ್ಬೆಯ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಪ್ರಶಸ್ತಿ ನೀಡುತ್ತದೆ. ಲಕ್ಕುಂಡಿಯ ಬಸದಿಗೆ ಬಂದವರೆಲ್ಲ ಆ ಹೆಸರನ್ನು ಕೇಳಿಯೇ ಹಿಂದಿರುಗುತ್ತಾರೆ. ಆದರೆ ಅದನ್ನು ತಮ್ಮ ಮಗಳಿಗೆ ಇಡುವ ತಂದೆತಾಯಿಗಳು ತೀರ ವಿರಳ. ಗೌರವ ಕಡಿಮೆಯಾದುದರಿಂದ ಹೀಗಾಗಿಲ್ಲ. ಹೆಸರಿನ ಕೊನೆಯಲ್ಲಿರುವ ‘ಅಬ್ಬೆ’ ಇಂದಿನ ಕಿವಿಗೆ ಒಗ್ಗುವುದಿಲ್ಲ. ಕನ್ನಡದ ಹೆಣ್ಣುಹೆಸರುಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಕೊನೆಯ ಎರಡಕ್ಷರಗಳ ಚರಿತ್ರೆಯೇ.

ಅಬ್ಬೆಯೆಂದರೆ ತಾಯಿ. ಪಂಪನ ತಮ್ಮ ಜಿನವಲ್ಲಭನು ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ ಅವರ ತಾಯಿಯ ಹೆಸರು ಅಬ್ಬಣಬ್ಬೆಯೆಂದು ತಿಳಿಯುತ್ತದೆ. ರನ್ನನ ತಾಯಿ ಅಬ್ಬಲಬ್ಬೆ. ಹೆಸರಿನ ಮೊದಲಿನಲ್ಲಿಯೂ ತಾಯಿ, ಕೊನೆಯಲ್ಲಿಯೂ ತಾಯಿ! ಹತ್ತನೆಯ ಶತಮಾನದ ಆರಂಭದಲ್ಲಿ ಗಂಡ ತೀರಿಕೊಂಡ ಬಳಿಕ ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆಯ ಹೆಸರಿನಲ್ಲಿ ಯಕ್ಷಿ ಕನ್ನಡದ ಜಕ್ಕಿಯಾಗಿ ಅಬ್ಬೆಯ ಜೊತೆ ಸೇರಿಕೊಂಡಿದ್ದಾಳೆ. ಕಿಸುಕಾಡು ಎಪ್ಪತ್ತನ್ನು ಆಳಿದ ಚಾಲುಕ್ಯ ರಾಜಕುಮಾರಿಯ ಹೆಸರು ಅಕ್ಕಾದೇವಿ. ಒಂದು ನಾಡನ್ನೇ ಆಳಿದವಳ ಹೆಸರು ಬರಿಯ ಅಕ್ಕ!

ಆಗತಾನೆ ಹುಟ್ಟಿದ ಕೂಸನ್ನು ತಾಯಿಯೆಂದು ಕರೆಯುವುದು ಹೇಗೆ ಎಂಬ ಸಂಶಯ ಏಳಬಹುದು. ಕನ್ನಡದ ಮನೆಗಳಲ್ಲಿ ಇದಕ್ಕೆ ಉತ್ತರ ಇನ್ನೂ ಜೀವಂತವಾಗಿದೆ. ಮೂರು ವರ್ಷದ ಮೊಮ್ಮಗಳನ್ನು ‘ಬಾ ನಮ್ಮವ್ವ’ ಎಂದು ಎತ್ತಿಕೊಳ್ಳುವ ಅಜ್ಜನಿಗೆ ಅದರಲ್ಲಿ ಯಾವ ವಿರೋಧವೂ ಕಾಣುವುದಿಲ್ಲ. ತೀರಿಹೋದ ತಾಯಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟ ಮನೆಯಲ್ಲಂತೂ ಆ ಮಗುವನ್ನು ಏಕವಚನದಲ್ಲಿ ಗದರಿಸಲು ಹಿರಿಯರು ಹಿಂಜರಿಯುತ್ತಿದ್ದರು. ಹೆಸರೆಂಬುದು ಅಲ್ಲಿ ಒಬ್ಬಳದಾಗಿರಲಿಲ್ಲ. ಒಂದು ತಲೆಮಾರನ್ನು ದಾಟಿ ಮರಳಿ ಬರುವ ಸರದಿಯದಾಗಿತ್ತು.

ಅಬ್ಬೆ ಯಾವಾಗ ಹಿಂದೆ ಸರಿಯಿತು? ಶ್ರವಣಬೆಳಗೊಳದ ಶಾಸನಗಳಲ್ಲಿ ಒಂದು ಎಳೆ ಸಿಗುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಣಿ, 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲದೇವಿಯ ತಾಯಿ ಮಾಚಿಕಬ್ಬೆ. ಅದೇ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕತ್ತಲೆ ಬಸದಿಯನ್ನು ಕಟ್ಟಿಸಿದ್ದು ತನ್ನ ತಾಯಿ ಪೋಚಿಕಬ್ಬೆಗಾಗಿ. ಅವನ ಹೆಂಡತಿಯ ಹೆಸರು ಲಕ್ಷ್ಮಿ. ಎರಡು ದೊಡ್ಡ ಮನೆತನಗಳಲ್ಲಿ ಹಿರಿಯ ತಲೆಮಾರು ಅಬ್ಬೆಯಾಗಿಯೂ ಕಿರಿಯ ತಲೆಮಾರು ಶಾಂತಲೆ, ಲಕ್ಷ್ಮಿಯರಾಗಿಯೂ ಕಾಣುತ್ತವೆ. ಎರಡು ಮನೆಗಳಿಂದ ನಿಯಮವನ್ನು ಹೊರಡಿಸಲಾಗದು, ನಿಜ. ಆದರೂ ಮುತ್ತಜ್ಜಿ ಸುಬ್ಬಮ್ಮ, ಮಗಳು ಸುಧಾ ಆದ ಇಪ್ಪತ್ತನೆಯ ಶತಮಾನವನ್ನು ಕಂಡವರಿಗೆ ಈ ಹನ್ನೆರಡನೆಯ ಶತಮಾನ ಅಪರಿಚಿತವೆನಿಸದು. ಅದೇ ಬೆಳಗೊಳದ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ. ಅವಳಿಗೆ ಎರಡು ಹೆಸರು: ಆಚಿಯಕ್ಕ, ಆಚಲದೇವಿ. ಒಂದು ಮನೆಯಂಗಳದ ಹೆಸರು, ಇನ್ನೊಂದು ಆಸ್ಥಾನದ ಹೆಸರು ಎಂದು ಊಹಿಸಬಹುದು. ಬಸದಿಗೆ ನಿಂತದ್ದು ಮಾತ್ರ ಅಕ್ಕನೇ.

ಮುಂದೆ ಅವ್ವ, ಅಮ್ಮ, ಅಕ್ಕಗಳು ನಾಡನ್ನು ಹಂಚಿಕೊಂಡವು. ವಚನಕಾರ್ತಿಯರ ಪಟ್ಟಿಯಲ್ಲಿ ಕಾಳವ್ವೆ, ಗೊಗ್ಗವ್ವೆ, ಸತ್ಯಕ್ಕ, ಲಕ್ಕಮ್ಮರು ಒಟ್ಟಿಗೇ ಇದ್ದಾರೆ. ಬಡಗಣ ಸೀಮೆಯ ಹಳ್ಳಿಗಳಲ್ಲಿ ಅವ್ವ, ಹಳೆಯ ಮೈಸೂರಿನಲ್ಲಿ ಅಮ್ಮ, ಕಡಲ ತಡಿಯಲ್ಲಿ ಅಕ್ಕ ಹೆಚ್ಚಾಗಿ ಬಳಕೆಗೊಂಡವು. ಉಳ್ಳಾಲದ ಅಬ್ಬಕ್ಕನ ಹೆಸರನ್ನು ಬಿಡಿಸಿ ಉಚ್ಚರಿಸಿದರೆ ತಾಯಿಯೂ ಅಕ್ಕನೂ ಜೊತೆಯಾಗಿ ಕೇಳಿಸುತ್ತಾರೆ. ಮರಾಠಿಯ ನೆರೆಯಲ್ಲಿ ಗಂಗಾಬಾಯಿ, ತುಂಗಾಬಾಯಿಯರು ಬಂದರು. ಮೈಸೂರಿನ ಅರಮನೆಯಲ್ಲಿ ಅಮ್ಮ ಸಾಲದೆ ಅಮ್ಮಣ್ಣಿಯಾಯಿತು. 1895ರಿಂದ 1902ರವರೆಗೆ ರಾಜ್ಯವನ್ನು ನಡೆಸಿದ ವಾಣಿವಿಲಾಸ ಸನ್ನಿಧಾನದವರ ಹೆಸರು ಕೆಂಪನಂಜಮ್ಮಣ್ಣಿ. ಕೆಂಪಮ್ಮ, ನಂಜಮ್ಮ ಎರಡೂ ಒಕ್ಕಲುಮಕ್ಕಳ ಮನೆಯಲ್ಲಿಯೂ ಕೇಳಿಬರುತ್ತಿದ್ದ ಹೆಸರುಗಳೇ. ಅರಮನೆಯನ್ನು ಪ್ರತ್ಯೇಕಿಸಿದ್ದು ಕೊನೆಯ ‘ಣ್ಣಿ’ಯೊಂದೇ.

ಈ ಪ್ರತ್ಯಯಗಳನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಮ್ಮನೆಂಬ ಗೌರವ ಎಲ್ಲರಿಗೂ ದೊರೆಯುತ್ತಿರಲಿಲ್ಲ. ತನ್ನ ಕೇರಿಯಲ್ಲಿ ನಿಂಗಮ್ಮನಾದವಳು ಒಡೆಯನ ಅಂಗಳಕ್ಕೆ ಬಂದೊಡನೆ ನಿಂಗಿಯಾಗುತ್ತಿದ್ದಳು, ಕೆಂಪಮ್ಮ ಕೆಂಪಿಯಾಗುತ್ತಿದ್ದಳು. ಅರವತ್ತು ವರ್ಷದ ಆಳುಮಗಳನ್ನು ಆರು ವರ್ಷದ ಒಡೆಯನ ಮಗ ಹಾಗೆ ಕರೆಯಬಹುದಿತ್ತು, ಅವಳು ಆ ಮಗುವಿನ ಅಕ್ಕನನ್ನು ಅಮ್ಮನೆಂದೇ ಕರೆಯಬೇಕಿತ್ತು. ರನ್ನನ ಹೆಂಡತಿಯರಾದ ಜಕ್ಕಿ, ಶಾಂತಿಯರ ಹೆಸರಿನಲ್ಲಿಯೂ ಇಕಾರವೇ ಇದೆ, ಅಲ್ಲಿ ತಿರಸ್ಕಾರದ ಸುಳಿವಿಲ್ಲ. ಸ್ತ್ರೀಲಿಂಗವನ್ನು ಸೂಚಿಸುವ ಒಂದು ಅಮಾಯಕ ಸ್ವರವನ್ನು ಸಮಾಜ ಜಾತಿಯನ್ನು ಅಳೆಯುವ ಕೋಲಾಗಿ ಮಾಡಿಕೊಂಡಿತು.

ಹುಟ್ಟಿದ ಮನೆಯೇ ಇಟ್ಟ ಹೆಸರುಗಳಲ್ಲಿಯೂ ಎಲ್ಲವೂ ಪ್ರೀತಿಯವಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಕಸವೆಂದು ಕರೆದರೆ ಸಾವು ಅತ್ತ ತಿರುಗಿ ನೋಡದೆಂಬ ನಂಬಿಕೆ. ಆ ಒರಟು ಹೆಸರಿನ ಒಳಗೆ ಮಗು ಬದುಕಲಿ ಎಂಬ ಹರಕೆಯಿದೆ. ಸಾಕಮ್ಮನ ಮಾತು ಬೇರೆ. ಸಾಲಾಗಿ ಹೆಣ್ಣು ಹುಟ್ಟಿದಾಗ, ಇನ್ನು ಹೆಣ್ಣು ಸಾಕು ಎಂದು ದೇವರಿಗೆ ಸೂಚಿಸಲು ಕೊನೆಯ ಮಗಳಿಗೆ ಇಡುತ್ತಿದ್ದ ಹೆಸರು ಅದು. ಸಾಕು ಎಂಬುದಕ್ಕೆ ಸಲಹು ಎಂಬ ಅರ್ಥವೂ ಇರುವುದರಿಂದ ಆ ಹೆಸರಿನ ಎಷ್ಟೋ ಹೆಂಗಸರು ತಾವು ಸಾಕಿದವರ ಲೆಕ್ಕ ಹೇಳಿ ಹೆಸರನ್ನು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದಾರೆ. ಕನ್ನಡವೇ ಅವರಿಗೆ ಆ ಕಿರುದಾರಿಯನ್ನು ಒದಗಿಸಿತು. ನೆರೆಯ ಮಹಾರಾಷ್ಟ್ರದ ‘ನಕುಶಾ’ಗಳಿಗೆ, ಎಂದರೆ ಬೇಡವಾದವಳು ಎಂಬ ಹೆಸರು ಹೊತ್ತ ಹೆಣ್ಣುಮಕ್ಕಳಿಗೆ, ಅದೂ ಇರಲಿಲ್ಲ. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂತಹ ಇನ್ನೂರಕ್ಕೂ ಹೆಚ್ಚು ಮಂದಿಗೆ ಸಮಾರಂಭದಲ್ಲಿ ಹೊಸ ಹೆಸರು ನೀಡಲಾಯಿತು. ಹೆಸರು ಬದಲಾದ ಮಾತ್ರಕ್ಕೆ ಏನಾಗುತ್ತದೆಂದು ಕೇಳುವವರು ಶಾಲೆಯ ಹಾಜರಿ ಕೂಗುವಾಗ ಪ್ರತಿದಿನ ‘ಬೇಡವಾದವಳು’ ಎಂಬ ಕರೆಗೆ ಎದ್ದು ನಿಲ್ಲಬೇಕಾದ ಬಾಲಕಿಯನ್ನು ಊಹಿಸಿಕೊಂಡರೆ ಸಾಕು.

ಆಧುನಿಕ ಕನ್ನಡದ ಲೇಖಕಿಯರ ಹೆಸರುಗಳನ್ನು ಸಾಲಾಗಿ ಬರೆದರೆ ಈ ಪಲ್ಲಟದ ಅತ್ಯಂತ ಸ್ಪಷ್ಟವಾದ ಚಿತ್ರ ದೊರೆಯುತ್ತದೆ. ಮೊದಲ ತಲೆಮಾರಿನವರು ನಂಜನಗೂಡು ತಿರುಮಲಾಂಬ, ಕಲ್ಯಾಣಮ್ಮ, ಬೆಳಗೆರೆ ಜಾನಕಮ್ಮ, ಕೊಡಗಿನ ಗೌರಮ್ಮ. ಮುಂದಿನ ಸಾಲಿನಲ್ಲಿ ತ್ರಿವೇಣಿ, ವಾಣಿ, ಅನುಪಮಾ. ಅನಸೂಯ ಅವರು ತ್ರಿವೇಣಿಯಾದರು, ಬಿ.ಎನ್. ಸುಬ್ಬಮ್ಮನವರು ವಾಣಿಯಾದರು, ವೆಂಕಟಲಕ್ಷ್ಮಿಯವರು ಅನುಪಮಾ ಆಗಿ ನಿರಂಜನರ ಹೆಸರನ್ನು ಜೊತೆಗೂಡಿಸಿಕೊಂಡರು. ತಂದೆತಾಯಿ ಇಟ್ಟ ಹೆಸರಿನಲ್ಲಿ ಸುಬ್ರಹ್ಮಣ್ಯನೂ ವೆಂಕಟೇಶನೂ ಇದ್ದರು, ಮನೆದೇವರ ಋಣವಿತ್ತು. ತಾವೇ ಆರಿಸಿಕೊಂಡ ಹೆಸರಿನಲ್ಲಿ ನುಡಿಯಿದೆ, ಹೋಲಿಕೆಯಿಲ್ಲದಿರುವಿಕೆಯಿದೆ. ಇದನ್ನು ಕೇವಲ ಕಾವ್ಯನಾಮದ ರೂಢಿಯೆಂದು ತಳ್ಳಿಹಾಕುವುದು ಸರಿಯಲ್ಲ. ಹೆಣ್ಣೊಬ್ಬಳು ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಗ್ರಂಥಾಲಯದಿಂದ ಇವರ ಕಾದಂಬರಿಗಳನ್ನು ತಂದು ಓದಿದ ಗೃಹಿಣಿಯರು ಆ ಆಯ್ಕೆಯನ್ನು ತಮ್ಮ ಹೆಣ್ಣುಮಕ್ಕಳಿಗೆ ದಾಟಿಸಿದರು. ತೊಟ್ಟಿಲ ಹೆಸರನ್ನು ಅತ್ತೆಮಾವಂದಿರಿಗೆ ಬಿಡದೆ ತಾಯಿಯೇ ಸೂಚಿಸುವ ಕಾಲ ಮೆಲ್ಲಗೆ ಬಂದಿತು.

ಬಂದವರು ಲತಾ, ಗೀತಾ, ಸುಧಾ, ಉಷಾ, ಶೋಭಾ. ಅವರ ಹಿಂದೆಯೇ ಕವಿತಾ, ಸವಿತಾ, ಸುನೀತಾ, ಮಮತಾ. ಚಲನಚಿತ್ರಗಳ ಕಲ್ಪನಾ, ಆರತಿ, ಭಾರತಿಯರೂ ಸೇರಿಕೊಂಡರು. ಒಂದೇ ತರಗತಿಯಲ್ಲಿ ಮೂವರು ಗೀತಾ ಇದ್ದು ಇನಿಷಿಯಲ್ ಹಿಡಿದು ಕರೆಯಬೇಕಾದ ಪರಿಸ್ಥಿತಿ ಅನೇಕರಿಗೆ ನೆನಪಿದ್ದೀತು. ಈ ಹೆಸರುಗಳು ಬಹು ಸಪ್ಪೆ, ಎಲ್ಲವೂ ಒಂದೇ ಅಚ್ಚು ಎಂಬ ಆಕ್ಷೇಪವಿದೆ. ಆದರೆ ಆ ಅಚ್ಚಿನ ಗುಣವೇ ಅವುಗಳ ದೊಡ್ಡ ಲಾಭ. ಹಾಜರಿ ಪುಸ್ತಕದಲ್ಲಿ ಗೀತಾ ಎಂಬ ಹೆಸರನ್ನು ಓದಿದ ಅಧ್ಯಾಪಕನಿಗೆ ಅವಳ ಕೇರಿ ಯಾವುದೆಂದು ತಿಳಿಯುತ್ತಿರಲಿಲ್ಲ. ನಿಂಗಿಯೆಂದು ಕರೆಸಿಕೊಂಡವಳ ಮೊಮ್ಮಗಳು ಗೀತಾ ಆದಳು, ಒಡೆಯನ ಮೊಮ್ಮಗಳೂ ಗೀತಾ ಆದಳು. ಅಬ್ಬೆ, ಅಮ್ಮಗಳನ್ನು ಕಳೆದುಕೊಂಡದ್ದಕ್ಕೆ ಈ ಸಮತೆ ಬೆಲೆಯಾಗಿ ಬಂದಿದ್ದರೆ ಆ ವ್ಯಾಪಾರದಲ್ಲಿ ನಷ್ಟವಾಗಿಲ್ಲವೆಂದೇ ಹೇಳಬೇಕು.

ಭಾಷೆಯ ಕಡೆಯಿಂದ ಒಂದು ಗೊಣಗಾಟಕ್ಕೆ ಮಾತ್ರ ಅವಕಾಶವಿರಲಿ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಪದಗಳನ್ನು ಕನ್ನಡ ಸಾಮಾನ್ಯವಾಗಿ ಎಕಾರಾಂತ ಮಾಡಿಕೊಳ್ಳುತ್ತದೆ: ಮಾಲಾ ಮಾಲೆಯಾಯಿತು, ಸೀತಾ ಸೀತೆಯಾದಳು, ಗಂಗಾ ಗಂಗೆಯಾದಳು. ಹೂಬಿಡುವ ಲತೆ ಇಂದಿಗೂ ಲತೆಯೇ. ನೆರೆಮನೆಯ ಹುಡುಗಿ ಮಾತ್ರ ಲತಾ. ಸಾವಿರ ವರ್ಷ ನಡೆದುಬಂದ ವ್ಯಾಕರಣದ ಅಭ್ಯಾಸವನ್ನು ಜನನ ನೋಂದಣಿಯ ಪುಸ್ತಕ ಒಂದೆರಡು ತಲೆಮಾರಿನಲ್ಲಿ ನಿಲ್ಲಿಸಿತು. ಆಡುಮಾತು ಸೋಲಲಿಲ್ಲವೆಂಬುದು ಸಮಾಧಾನ. ಹಿತ್ತಿಲಿನಿಂದ ಕೂಗುವಾಗ ಗೀತಾ ಗೀತಮ್ಮಳೂ ಸುಧಾ ಸುಧಕ್ಕಳೂ ಆಗುತ್ತಾರೆ.

ಆಮೇಲಿನ ಅಲೆಗಳು ಬೇಗಬೇಗನೆ ಬಂದುಹೋದವು. ರಮ್ಯಾ, ಸೌಮ್ಯಾ, ದಿವ್ಯಾ, ಕಾವ್ಯಾ ಎಂಬ ಯಕಾರದ ಕಾಲ. ಭಾಗ್ಯಶ್ರೀ, ರೂಪಶ್ರೀಯರ ಕಾಲ. ಈಗ ಆದ್ಯಾ, ಅನ್ವಿ, ಧೃತಿ, ಆರಾಧ್ಯಾ. ಎರಡಕ್ಷರದಲ್ಲಿ ಮುಗಿಯಬೇಕು, ಜನ್ಮನಕ್ಷತ್ರದ ಅಕ್ಷರದಿಂದ ತೊಡಗಬೇಕು, ಸಂಖ್ಯಾಶಾಸ್ತ್ರದವನು ಹೇಳಿದಷ್ಟು ಇಂಗ್ಲಿಷ್ ಅಕ್ಷರಗಳಿರಬೇಕು, ಬಂಧುಬಳಗದಲ್ಲಿ ಇನ್ನಾರಿಗೂ ಇರಬಾರದು, ಅಮೆರಿಕದ ಶಿಕ್ಷಕಿಗೂ ಉಚ್ಚರಿಸಲು ಬರಬೇಕು. ಇಷ್ಟು ಷರತ್ತುಗಳ ಜರಡಿಯಲ್ಲಿ ಉಳಿಯುವ ಹೆಸರಿಗೆ ಅರ್ಥವೂ ಇರಬೇಕೆಂದು ಕೇಳುವುದು ಕಷ್ಟವೇ. ಯಾವ ನಿಘಂಟಿನಲ್ಲಿಯೂ ಇಲ್ಲದ ಶಬ್ದಕ್ಕೆ ‘ದೇವಿಯ ಇನ್ನೊಂದು ಹೆಸರು’ ಎಂಬ ಅರ್ಥ ತಯಾರಾಗಿರುತ್ತದೆ. ಇವುಗಳ ನಡುವೆ ‘ಸಿರಿ’ ಮರಳಿ ಬಂದಿರುವುದು ಅಪರೂಪದ ಸಂತೋಷ. ಸಂಸ್ಕೃತದ ಶ್ರೀ ಕನ್ನಡದ ಬಾಯಲ್ಲಿ ನುಣುಪಾಗಿ ಸಿರಿಯಾದ ಬಗೆ ಯಕ್ಷಿ ಜಕ್ಕಿಯಾದ ಬಗೆಯೇ. ಜಕ್ಕಿಯನ್ನು ಒರಟೆಂದು ಬಿಟ್ಟ ತಂದೆತಾಯಿ ಅದೇ ಗರಡಿಯ ಸಿರಿಯನ್ನು ಎತ್ತಿಕೊಂಡಿದ್ದಾರೆ. ದೂರವಾಣಿಯೊಳಗಿನ ಯಂತ್ರಧ್ವನಿಯೊಂದಕ್ಕೂ ಅದೇ ಹೆಸರಿರುವುದರಿಂದ ಮಗಳನ್ನು ಕರೆದಾಗ ಯಂತ್ರ ಓಗೊಡುವ ಪ್ರಮಾದವೊಂದಿದೆ, ಅಷ್ಟೆ.

ಜೈನ ಮನೆಗಳಲ್ಲಿ ಇನ್ನೊಂದು ಹಳೆಯ ಹೆಸರು ಹೊಸ ಕಿವಿಗೂ ಹೊಂದುವಂತಿದೆ. ಆದಿತೀರ್ಥಂಕರನ ಮಗಳು ಬ್ರಾಹ್ಮಿ. ತಂದೆ ಅವಳಿಗೆ ಅಕ್ಷರವನ್ನೂ ಅವಳ ತಂಗಿ ಸೌಂದರಿಗೆ ಅಂಕೆಯನ್ನೂ ಕಲಿಸಿದನೆಂಬುದು ಪುರಾಣಪ್ರಸಿದ್ಧ ಕಥೆ. ಲಿಪಿಗೂ ಅವಳದೇ ಹೆಸರಾಯಿತೆಂದು ಪರಂಪರೆ ನಂಬುತ್ತದೆ. ಎರಡೇ ಅಕ್ಷರ, ಇಕಾರಾಂತ, ಅರ್ಥಕ್ಕಾಗಿ ಹುಡುಕಾಡಬೇಕಾಗಿಲ್ಲ.

ಅಜ್ಜಿಯ ಹೆಸರು ಈಗ ಎಲ್ಲಿ ಹೋಗುತ್ತದೆ? ಅದು ಸಂಪೂರ್ಣವಾಗಿ ಮನೆ ಬಿಟ್ಟಿಲ್ಲ. ನಾಮಕರಣದ ದಿನ ಹರಿವಾಣದ ಅಕ್ಕಿಯಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳನ್ನು ಬರೆಯುವ ಪದ್ಧತಿ ಅನೇಕ ಮನೆಗಳಲ್ಲಿ ಉಳಿದಿದೆ. ಮನೆದೇವರದೊಂದು, ನಕ್ಷತ್ರದ್ದೊಂದು, ಅಜ್ಜಿಯದೊಂದು, ಕೊನೆಗೆ ಕರೆಯುವ ಹೆಸರು. ಸೋದರತ್ತೆ ಮಗುವಿನ ಕಿವಿಯ ಬಳಿ ಬಾಗಿ ಅವುಗಳನ್ನು ಒಂದೊಂದಾಗಿ ಉಸುರುತ್ತಾಳೆ. ಪದ್ಮಾವತಮ್ಮನೋ ನೀಲವ್ವನೋ ಆ ಒಂದು ಗಳಿಗೆ ತೊಟ್ಟಿಲಿನಲ್ಲಿರುತ್ತಾರೆ. ಶಾಸ್ತ್ರ ಮುಗಿದು ಅಕ್ಕಿಯನ್ನು ಒಳಗೆ ಒಯ್ದ ಮೇಲೆ ತಂದೆ ನೋಂದಣಿಯ ಅರ್ಜಿಯನ್ನು ತುಂಬಲು ಕುಳಿತುಕೊಳ್ಳುತ್ತಾನೆ. ಅದರಲ್ಲಿ ಮಗುವಿನ ಹೆಸರಿಗೆಂದು ಇರುವುದು ಒಂದೇ ಗೆರೆ.